ಕೂಲಿ ಕೊಟ್ಟರೆ ಋಣ ತೀರಿತೇ?

ದುಡಿದವನ ಬೆವರು ಆರುವ ಮೊದಲೇ ಅವನ ಕೂಲಿ ಕೊಟ್ಟುಬಿಡಬೇಕು ಎಂಬ ಪಾಠವನ್ನು ನಮ್ಮಲ್ಲಿ ಹಲವರು ಮದ್ರಸದ ದಿನಗಳಿಂದಲೇ ಕೇಳುತ್ತ ಬಂದಿದ್ದೇವೆ. ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ ಕೂಡ. ಸಂಜೆಯಾಗುತ್ತಲೇ ಲೆಕ್ಕ ಚುಕ್ತಾ ಮಾಡುವ ಪ್ರಾಮಾಣಿಕರಿಗೂ ನಮ್ಮ ನಡುವೆ ಕೊರತೆಯಿಲ್ಲ. ಪ್ರಶ್ನೆ ಅದರ ನಂತರದ್ದು. ಕೂಲಿ ಕೊಟ್ಟಾಯಿತು, ಬೆವರೂ ಆರಿತು. ಅಲ್ಲಿಗೆ ಕೊಟ್ಟವನಿಗೂ ಪಡೆದವನಿಗೂ ನಡುವೆ ಏನೂ ಉಳಿಯಲಿಲ್ಲವೇ? ಒಬ್ಬ ಮನುಷ್ಯ ಇನ್ನೊಬ್ಬನಿಗೆ ಸಲ್ಲಿಸಬೇಕಾದದ್ದು ನೋಟಿನ ಎಣಿಕೆಯಲ್ಲಿ ಪೂರ್ತಿಯಾಗಿ ಸಂದುಹೋಗುತ್ತದೆಯೇ?

ಇಂಥ ಪ್ರಶ್ನೆಯನ್ನು ಗಾಳಿಯಲ್ಲಿಟ್ಟು ಚರ್ಚಿಸಿದರೆ ಒಳ್ಳೆಯ ಮಾತುಗಳು ಹುಟ್ಟುತ್ತವೆಯೇ ಹೊರತು ಬೇರೇನೂ ಆಗುವುದಿಲ್ಲ. ಆದ್ದರಿಂದ ಒಂದು ಊರಿನ ಮಣ್ಣಿನ ಮೇಲಿಟ್ಟು ನೋಡೋಣ. ಊರಿನ ಹೆಸರು ಜಕ್ಕಲಿ. ಗದಗ ಜಿಲ್ಲೆಯ ಹಳೆಯ ರೋಣ ತಾಲ್ಲೂಕಿನಲ್ಲಿ, ನರೇಗಲ್ಲಿಗೆ ಹತ್ತಿರದ ಒಕ್ಕಲುತನದ ಹಳ್ಳಿ. ಕರಾವಳಿಯಲ್ಲಿರುವ ನಮಗೆ ಆ ಊರಿಗೆ ಒಂದು ರಾತ್ರಿಯ ಬಸ್ಸಿನ ದಾರಿ. ಬಹುಪಾಲು ಓದುಗರು ಅದನ್ನು ಕಂಡಿರಲಿಕ್ಕಿಲ್ಲ. ಆದರೆ ಆ ಸೀಮೆಯ ಜನರನ್ನು ನಾವು ದಿನವೂ ಕಾಣುತ್ತೇವೆ. ಮಂಗಳೂರು, ಉಡುಪಿಗಳಲ್ಲಿ ಬೆಳಿಗ್ಗೆ ಬುತ್ತಿ ಹಿಡಿದು ರಸ್ತೆ ಬದಿಯಲ್ಲಿ ಕೆಲಸಕ್ಕೆ ಕಾದು ನಿಲ್ಲುವವರಲ್ಲಿ, ನಮ್ಮ ಮನೆಗಳ ಪಾಯ ತೋಡಿದವರಲ್ಲಿ, ಮಸೀದಿಯ ತಾರಸಿಗೆ ಕಾಂಕ್ರೀಟು ಹೊತ್ತವರಲ್ಲಿ ಗದಗ, ಕೊಪ್ಪಳ, ಬಾಗಲಕೋಟೆ ಕಡೆಯವರು ಎಷ್ಟಿಲ್ಲ! ಯಾವ ಊರು ಎಂದು ಕೇಳಿದರೆ "ಗದಗ ಕಡೇರಿ" ಎನ್ನುತ್ತಾರೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಮಗೆ ತಿಳಿಯದು ಎಂಬುದು ಅವರಿಗೆ ತಿಳಿದಿದೆ. ನಾವೂ ಮುಂದೆ ಕೇಳುವುದಿಲ್ಲ. ನಮ್ಮ ಪಾಲಿಗೆ ಅವರೆಲ್ಲ ಒಟ್ಟಾಗಿ 'ಘಟ್ಟದವರು'.

ಹಾಗಾದರೆ ಆ 'ಕಡೆ' ಎಂಥದು?

ಅದು ಎರೆ ಮಣ್ಣಿನ ಬಯಲು. ಕಣ್ಣು ಹಾಯುವಷ್ಟು ದೂರ ಕಪ್ಪು ನೆಲ, ಅಲ್ಲೊಂದು ಇಲ್ಲೊಂದು ಬೇವು, ಜಾಲಿ. ಈ ಮಣ್ಣಿನ ಗುಣವೇ ಬೇರೆ. ಮಳೆ ಬಿದ್ದರೆ ಉಬ್ಬಿ ಅಂಟಾಗಿ ಕಾಲಿಟ್ಟವರನ್ನು ಬಿಡದು. ಬೇಸಿಗೆಯಲ್ಲಿ ತೋಳು ಇಳಿಯುವಷ್ಟು ಆಳಕ್ಕೆ ಬಿರಿಯುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ರೋಣದ ಸೀಮೆಗೆ ಬೀಳುವುದು 600ರ ಆಸುಪಾಸು, ಅದೂ ನಂಬಿಕೆಗೆ ಅರ್ಹವಲ್ಲದ ರೀತಿಯಲ್ಲಿ. ಮಲಪ್ರಭೆ ಹರಿಯುವುದು ದೂರದಲ್ಲಿ, ಹೊಳೆಆಲೂರಿನ ಕಡೆ. ಹೀಗಾಗಿ ಇಲ್ಲಿಯ ಒಕ್ಕಲುತನವೆಂದರೆ ಮುಕ್ಕಾಲು ಪಾಲು ಕಾಯುವ ಕೆಲಸ. ಮುಂಗಾರು ಹದವಾಗಿ ಬಂದರೆ ಹೆಸರು ಬಿತ್ತುತ್ತಾರೆ. ಆ ಬೆಳೆ ಎರಡು ಎರಡೂವರೆ ತಿಂಗಳಲ್ಲಿ ಕೈಗೆ ಬರುತ್ತದೆ. ಆದರೆ ಕಾಯಿ ಬಲಿತ ಹೊತ್ತಿಗೆ ಮೋಡ ಮುಸುಕಿ ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿದರೆ ಗಿಡದಲ್ಲಿಯೇ ಮೊಳಕೆಯೊಡೆಯುತ್ತದೆ. ಮಳೆಗಾಗಿ ಪ್ರಾರ್ಥಿಸಿದ ರೈತನೇ ಎರಡು ತಿಂಗಳ ನಂತರ ಮಳೆ ಬೇಡವೆಂದು ಪ್ರಾರ್ಥಿಸಬೇಕಾಗುತ್ತದೆ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ಈ ಬೆಳೆಗಳ ಸಾಹಸ ಕರಾವಳಿಯವರಿಗೆ ನಂಬಲು ಕಷ್ಟ. ಕೂರಿಗೆಯಿಂದ ಬಿತ್ತಿದ ಮೇಲೆ ಒಂದು ಹನಿಯೂ ಬೀಳದಿದ್ದರೂ ಎರೆ ಮಣ್ಣು ತನ್ನ ಒಡಲಲ್ಲಿ ಹಿಡಿದಿಟ್ಟುಕೊಂಡ ಹಸಿಯಿಂದ, ಚಳಿಗಾಲದ ಇಬ್ಬನಿಯಿಂದ ಬೆಳೆದು ನಿಲ್ಲುತ್ತವೆ. ಕಡಲೆ ಗಿಡದ ಮೇಲೆ ರಾತ್ರಿ ಬಟ್ಟೆ ಹಾಸಿ, ಬೆಳಿಗ್ಗೆ ಅದನ್ನು ಹಿಂಡಿ ಹೊಟ್ಟೆನೋವಿಗೆ ಹುಳಿ ತೆಗೆದಿಡುವ ಪದ್ಧತಿಯೂ ಆ ಕಡೆ ಇತ್ತು. ಇಬ್ಬನಿಯನ್ನೂ ವ್ಯರ್ಥವಾಗಲು ಬಿಡದ ಜನ!

ಇಷ್ಟು ಕಡಿಮೆಯಲ್ಲಿ ಬದುಕಬೇಕಾದ ಕಡೆ ಒಬ್ಬಂಟಿಯಾಗಿ ಬದುಕಲಾಗುವುದಿಲ್ಲ. ಎರೆ ಹೊಲದ ಹದ ಎಂದರೆ ಮೂರು ನಾಲ್ಕು ದಿನ. ಅಷ್ಟರಲ್ಲಿ ಬಿತ್ತದಿದ್ದರೆ ಆ ವರ್ಷ ಹೋಯಿತು. ಎಲ್ಲರಿಗೂ ಒಮ್ಮೆಲೇ ಆಳು ಬೇಕು, ಎತ್ತು ಬೇಕು. ಅಲ್ಲಿಂದ ಹುಟ್ಟಿದ್ದೇ ಮುಯ್ಯಾಳು. ಇಂದು ನಾನು ನಿನ್ನ ಹೊಲಕ್ಕೆ ಬರುತ್ತೇನೆ, ನಾಳೆ ನೀನು ನನ್ನ ಹೊಲಕ್ಕೆ ಬಾ. ಹಣವಿಲ್ಲ, ಕಾಗದವಿಲ್ಲ, ಲೆಕ್ಕ ನೆನಪಿನಲ್ಲಿ. ಮದುವೆಯಲ್ಲಿ ಮಾಡುವ ಉಡುಗೊರೆಗೂ ಮುಯ್ಯಿ ಎಂದೇ ಹೆಸರು. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಮುಯ್ಯಿಯನ್ನು ಆ ಕ್ಷಣವೇ ತೀರಿಸಿ ಕೈ ತೊಳೆದುಕೊಳ್ಳುವುದು ಅದರ ರೀತಿಯಲ್ಲ. ತೆಗೆದುಕೊಂಡ ಮುಯ್ಯಿ ಸ್ವಲ್ಪ ಕಾಲ ತಲೆಯ ಮೇಲಿರಬೇಕು. ಆ ಬಾಕಿಯೇ ಎರಡು ಮನೆಗಳನ್ನು ಕಟ್ಟಿಹಾಕುವ ಹಗ್ಗ. ಕೂಲಿಯದು ಇದಕ್ಕೆ ವಿರುದ್ಧವಾದ ಗುಣ. ಸಂಜೆಗೆ ಲೆಕ್ಕ ತೀರಬೇಕು. ತೀರಿದ ಮೇಲೆ ಯಾರಿಗೆ ಯಾರೂ ಅಲ್ಲ.

ಅಂದಮಾತ್ರಕ್ಕೆ ಹಳ್ಳಿಯನ್ನು ಸ್ವರ್ಗವೆಂದು ಚಿತ್ರಿಸುವ ಆಸೆ ನಮಗಿಲ್ಲ. ಮುಯ್ಯಾಳು ನಡೆಯುತ್ತಿದ್ದುದು ಹೊಲವಿದ್ದವರ ನಡುವೆ. ಹೊಲವೇ ಇಲ್ಲದವನಿಗೆ ಯಾರು ಮುಯ್ಯಿ ತೀರಿಸುವುದು? ಅವನು ಸಂಬಳದಾಳು, ಇಲ್ಲವೇ ಸಾಲಕ್ಕೆ ಸಿಕ್ಕ ಜೀತದಾಳು. ಉತ್ತರ ಕರ್ನಾಟಕದ ಊರುಗಳಲ್ಲಿ ಹಿಂದೆ ಹಗೇವು ಎಂಬ ನೆಲದಡಿಯ ಕಣಜಗಳಿದ್ದವು. ಆಳವಾದ ಗುಂಡಿ, ಒಳಗೆ ಹುಲ್ಲಿನ ಹಾಸು, ಅದರ ತುಂಬ ಜೋಳ, ಬಾಯಿಗೆ ಕಲ್ಲು ಮುಚ್ಚಿ ಮೇಲೆ ಮಣ್ಣು. ಒಳ್ಳೆಯ ವರ್ಷದ ಕಾಳು ಬರಗಾಲದವರೆಗೆ ಕೆಡದೆ ಇರುತ್ತಿತ್ತು. ತೆರೆದ ಕೂಡಲೇ ಒಳಗಿಳಿದವನು ಉಸಿರುಗಟ್ಟಿ ಸಾಯುವ ಅಪಾಯವಿದ್ದುದರಿಂದ ಗಾಳಿಯಾಡುವವರೆಗೆ ಕಾಯುತ್ತಿದ್ದರು. 1791-92ರ ಡೋಗಿ ಬರ, 1876-78ರ ದೊಡ್ಡ ಬರ ಈ ಸೀಮೆಯನ್ನು ಸುಟ್ಟವು. ಅಂಥ ಕಾಲದಲ್ಲಿ ಹಗೇವು ತೆರೆದು ಹಂಚಿದ ಗೌಡರೂ ಇದ್ದಾರು, ಬೆಲೆ ಏರಲೆಂದು ಮುಚ್ಚಿಟ್ಟವರೂ ಇದ್ದಾರು. ಸುಗ್ಗಿಯಲ್ಲಿ ಬಡಿಗ, ಕಮ್ಮಾರ, ಕುಂಬಾರ, ಅಗಸ, ಹಡಪದರಿಗೆಲ್ಲ ಕಣದಲ್ಲಿ ಆಯ ಸಿಗುತ್ತಿತ್ತು ಎಂಬುದು ನಿಜ. ಅದೇ ಕಣದ ಅಂಚಿನಲ್ಲಿ ದಲಿತ ದೂರ ನಿಂತು ಮೊರ ಒಡ್ಡಬೇಕಿತ್ತು ಎಂಬುದೂ ಅಷ್ಟೇ ನಿಜ. ಅವನಿಗೆ ಊರಿನ ಋಣ ಎಂಬುದು ಹಗ್ಗವಷ್ಟೇ ಅಲ್ಲ, ಉರುಳೂ ಆಗಿತ್ತು. 1974ರ ಭೂ ಸುಧಾರಣೆಯಿಂದ ಕೆಲವು ಗೇಣಿದಾರರಿಗೆ ಭೂಮಿ ಸಿಕ್ಕಿತು. 1976ರಲ್ಲಿ ಜೀತ ಪದ್ಧತಿಯನ್ನು ಕಾನೂನು ರದ್ದು ಮಾಡಿತು. ಆದರೂ ಭೂಮಿಯಿಲ್ಲದವನಿಗೆ, ಎರಡೆಕರೆ ಒಣಬೇಸಾಯವಿದ್ದವನಿಗೆ ವರ್ಷವಿಡೀ ಕೈಗೆ ಕೆಲಸವೆಲ್ಲಿ? ಅವನು ಬಸ್ಸು ಹತ್ತಿದ. ಬೆಂಗಳೂರಿಗೆ, ಗೋವಾಕ್ಕೆ, ನಮ್ಮ ಕರಾವಳಿಗೆ. ಪಗಾರ ಎಣಿಸಿ ಕೊಟ್ಟು ಯಾವ ಜಾತಿಯೆಂದು ಕೇಳದ ಕಡೆಗೆ ಹೋಗುವುದು ಅವನಿಗೆ ಒಂದು ಬಿಡುಗಡೆಯೂ ಆಗಿತ್ತು. ಇದನ್ನು ಮರೆತು ವಲಸೆಯೆಲ್ಲ ದುರಂತವೆಂದು ಅಳುವುದು ಸರಿಯಲ್ಲ.

ಈಗ ಜಕ್ಕಲಿಯನ್ನೇ ಏಕೆ ಆರಿಸಿಕೊಂಡೆವು ಎಂಬುದನ್ನು ಹೇಳಬೇಕು. ಈ ಊರು ಅಂದಾನಪ್ಪ ದೊಡ್ಡಮೇಟಿಯವರ ಊರು. 1908ರಲ್ಲಿ ಇಲ್ಲಿ ಹುಟ್ಟಿದ ಅವರು ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡವರು, ಕರ್ನಾಟಕ ಏಕೀಕರಣಕ್ಕಾಗಿ ಶಾಸಕ ಸ್ಥಾನವನ್ನೇ ತೊರೆದವರು. ರಾಜ್ಯಕ್ಕೆ ಮೈಸೂರು ಎಂಬ ಹೆಸರು ಸಲ್ಲದು, ಕರ್ನಾಟಕ ಎಂದೇ ಆಗಬೇಕೆಂದು ಶಾಸನಸಭೆಯಲ್ಲಿ ಒತ್ತಾಯಿಸಿದವರು. 1973ರ ನವೆಂಬರ್ 1ರಂದು ಆ ಹೆಸರು ಬಂದಾಗ ಅವರಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಜಕ್ಕಲಿಯ ತಮ್ಮ ಮನೆಯಲ್ಲಿ 1953ರಲ್ಲಿ ಅವರು ಕನ್ನಡ ತಾಯಿ ಭುವನೇಶ್ವರಿಯ ಚಿತ್ರ ಬರೆಸಿದ್ದರು. ನಾಡನ್ನು ತಾಯಿಯೆಂದು ಚಿತ್ರಿಸಿ ಕೈಮುಗಿಯುವುದು ಎಲ್ಲರಿಗೂ ಒಗ್ಗುವ ಭಾವವಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರನ್ನು ಮೈಸೂರು ದಸರಾ ಉದ್ಘಾಟನೆಗೆ ಆಹ್ವಾನಿಸಿದಾಗ, ಭುವನೇಶ್ವರಿಯ ಕಲ್ಪನೆಯ ಬಗ್ಗೆ ಅವರು ಹಿಂದೆ ಆಡಿದ್ದ ಮಾತು ಎಷ್ಟು ದೊಡ್ಡ ವಿವಾದಕ್ಕೆ ಎಡೆಮಾಡಿತು ಎಂಬುದು ಓದುಗರಿಗೆ ನೆನಪಿದೆ. ಆ ವಾದವನ್ನು ಇಲ್ಲಿ ಬೆಳೆಸುವುದಿಲ್ಲ. ಪ್ರೀತಿಗೆ ಒಂದೇ ಆಕಾರ ಇರಬೇಕಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇವೆ. ನಮ್ಮನ್ನು ಸೆಳೆಯುವುದು ಬೇರೆ ಸಂಗತಿ. ಹೊಳೆಯಿಲ್ಲದ, ಮಳೆ ಕಡಿಮೆಯ ಒಂದು ಹಳ್ಳಿಯಲ್ಲಿ ಕುಳಿತ ಮನುಷ್ಯನಿಗೆ, ತಾನು ಮುಂಬಯಿ ಪ್ರಾಂತ್ಯದಲ್ಲಿರುವಾಗ, ಪೂರ್ವಕ್ಕೆ ಸ್ವಲ್ಪ ದೂರದ ಯಲಬುರ್ಗಾ ನಿಜಾಮರ ರಾಜ್ಯದಲ್ಲಿರುವಾಗ, ಮಂಗಳೂರು ಮದ್ರಾಸಿಗೆ ಸೇರಿರುವಾಗ, ಅಲ್ಲಿರುವವರೆಲ್ಲ ತನ್ನವರು ಎಂದು ಅನಿಸಿತು. ಸಮುದ್ರದಂಚಿನ ಮಂಗಳೂರಿನವನು ಎರೆ ಹೊಲದ ಜಕ್ಕಲಿಯವನಿಗೆ ಯಾರು? ಯಾರೂ ಅಲ್ಲ ಎಂದು ನಕಾಶೆ ಹೇಳುತ್ತಿತ್ತು. ನೆರೆಯವನು ಎಂದು ಅವರ ಪೀಳಿಗೆ ಹಟ ಹಿಡಿಯಿತು.

1956ರಲ್ಲಿ ಆ ಹಟ ಗೆದ್ದಿತು. ಅದರಿಂದ ಯಾರೂ ಊಹಿಸದ ಒಂದು ಫಲವೂ ಹುಟ್ಟಿತು. 1979ರಲ್ಲಿ ದೇಶದಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂತು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಗುತ್ತಿಗೆದಾರರ ಮೂಲಕ ಹೋದವರಿಗೆ ಪ್ರಯಾಣ ಭತ್ಯೆ, ವಸತಿ ಮುಂತಾದ ಹಕ್ಕುಗಳನ್ನು ಅದು ಬರೆಯಿತು. ಆಚರಣೆಯಲ್ಲಿ ಎಷ್ಟು ಸಿಕ್ಕಿತೆಂಬುದು ಬೇರೆ ಮಾತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ ಆ ಕಾಯ್ದೆ ಸೇರಿಹೋಯಿತು. ಅಲ್ಲಿಯೂ ವಲಸೆ ಕಾರ್ಮಿಕ ಎಂದರೆ ರಾಜ್ಯದ ಗಡಿ ದಾಟಿದವನೇ. ರೋಣದಿಂದ ಮಂಗಳೂರಿಗೆ ಬಂದವನು ಗಡಿ ದಾಟಿಲ್ಲ. ಏಕೀಕರಣ ಆಗದೇ ಇದ್ದಿದ್ದರೆ ಅವನು ಪರರಾಜ್ಯದವನೆಂದು ಕಾಗದದ ಮೇಲಾದರೂ ಕೆಲವು ಹಕ್ಕುಗಳಿಗೆ ಬಾಧ್ಯನಾಗುತ್ತಿದ್ದ. ಈಗ ಕಾನೂನಿಗೆ ಅವನು ನಮ್ಮವನು, ಆದ್ದರಿಂದ ರಕ್ಷಣೆ ಬೇಡ. ಬೀದಿಯಲ್ಲಿ ಅವನು ಘಟ್ಟದವನು, ಆದ್ದರಿಂದ ನಮ್ಮವನಲ್ಲ. ಎರಡು ಕಡೆಯ ನಷ್ಟವೂ ಅವನಿಗೇ.

ಈ ಹಂತದಲ್ಲಿ ಒಬ್ಬ ವ್ಯವಹಾರಸ್ಥ ಓದುಗ ನಮ್ಮನ್ನು ತಡೆಯಬಹುದು. "ಇದೆಲ್ಲ ಭಾವುಕತೆ. ಅವನನ್ನು ಯಾರೂ ಬಲವಂತದಿಂದ ತಂದಿಲ್ಲ. ಊರಿನಲ್ಲಿ ಸಿಗುವುದಕ್ಕಿಂತ ಹೆಚ್ಚು ಕೂಲಿ ಇಲ್ಲಿ ಸಿಗುತ್ತದೆ. ಆ ಹಣದಿಂದ ಅವನು ಊರಿನಲ್ಲಿ ಮನೆ ಕಟ್ಟಿದ, ಮಗಳ ಮದುವೆ ಮಾಡಿದ. ಇಬ್ಬರಿಗೂ ಲಾಭವಾದ ಮೇಲೆ ಋಣದ ಮಾತೆಲ್ಲಿ ಬಂತು?" ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಮಾತುಕತೆಯಾಡಿ ಒಪ್ಪಿದ ಕೂಲಿಯಲ್ಲಿ ಒಂದು ಗೌರವವಿದೆ. ದಾನ ಪಡೆದವನ ಹಾಗೆ ಅವನು ತಲೆ ತಗ್ಗಿಸಬೇಕಾಗಿಲ್ಲ. ಹಳ್ಳಿಯ ಮುಯ್ಯಿಗಿಂತ ನಗರದ ಕೂಲಿಯೇ ಅವನಿಗೆ ಹೆಚ್ಚು ನ್ಯಾಯವಾಗಿ ಕಂಡದ್ದೂ ಉಂಟು ಎಂದು ನಾವೇ ಮೇಲೆ ಹೇಳಿದ್ದೇವೆ.

ಆದರೆ ಕೂಲಿ ಯಾವುದಕ್ಕೆ ಕೊಟ್ಟದ್ದು? ಎಂಟು ಹತ್ತು ಗಂಟೆಯ ದುಡಿಮೆಗೆ. ಆ ದುಡಿಯುವ ತೋಳನ್ನು ನಾವು ಬೆಳೆಸಲಿಲ್ಲ. ಹದಿನೆಂಟು ಇಪ್ಪತ್ತು ವರ್ಷ ಜೋಳದ ರೊಟ್ಟಿ ಹಾಕಿ ಬೆಳೆಸಿದ್ದು ಆ ಊರು. ಅವನ ಮಕ್ಕಳನ್ನು ಈಗ ನೋಡಿಕೊಳ್ಳುತ್ತಿರುವುದು ಊರಿನಲ್ಲುಳಿದ ಅಜ್ಜಿ. ಆ ಅಜ್ಜಿಗೆ ನಮ್ಮ ಕೂಲಿಯ ಲೆಕ್ಕದಲ್ಲಿ ಒಂದು ಸಾಲೂ ಇಲ್ಲ. ಸಾರ್ವೆ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡರೆ ಅವನು ಹೋಗಿ ಮಲಗುವುದು ಅಲ್ಲಿಯೇ. ವಯಸ್ಸಾಗಿ ಸಿಮೆಂಟು ಚೀಲ ಎತ್ತಲಾಗದಾಗ ಹಿಂದಿರುಗುವುದೂ ಅಲ್ಲಿಗೇ. ಅಂದರೆ ನಗರವು ಅವನ ಪ್ರಾಯವನ್ನು ಕೊಳ್ಳುತ್ತದೆ. ಬಾಲ್ಯ, ಕಾಯಿಲೆ, ಮುಪ್ಪುಗಳನ್ನು ಹಳ್ಳಿಯ ಖಾತೆಗೆ ಬರೆಯುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಇದು ಹಗಲಿನಷ್ಟು ಸ್ಪಷ್ಟವಾಯಿತು. ಕೆಲಸ ನಿಂತ ಕೂಡಲೇ ನಗರಗಳಿಗೆ ಈ ಜನ ಹೊರೆಯಾದರು. ಮೇ ತಿಂಗಳ ಮೊದಲಲ್ಲಿ ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ಊರಿಗೆ ಹೊರಟ ಕೂಲಿಕಾರರಿಂದ ಹೋಗುವ, ಬರುವ ಎರಡೂ ಕಡೆಯ ದರ ಕೇಳಲಾಯಿತು. ಟೀಕೆ ಎದ್ದ ಮೇಲಷ್ಟೇ ಪ್ರಯಾಣ ಉಚಿತವಾಯಿತು. ಆಗ ಅವರನ್ನೆಲ್ಲ ಒಳಗೆ ಕರೆದುಕೊಂಡದ್ದು ಗದಗ, ಕೊಪ್ಪಳ, ರಾಯಚೂರುಗಳ ಹಳ್ಳಿಗಳು. ಜೋಳವಿದ್ದವರು ಜೋಳ ಕೊಟ್ಟರು. ಮಾತು ಬಂದಾಗ ಹಿಂದುಳಿದ ಪ್ರದೇಶ ಎಂದು ನಾವು ಕರೆಯುವುದು ಇವೇ ಹಳ್ಳಿಗಳನ್ನು.

ಗಜೇಂದ್ರಗಡ, ನರೇಗಲ್ ಕಡೆ ಗಾಳಿಯಂತ್ರಗಳು ಎದ್ದಿವೆ. ಗಾಳಿ ಅಲ್ಲಿಯದು, ಬೆಳಕು ಎಲ್ಲೆಲ್ಲಿಯದೋ. ಇದೂ ಅದೇ ಲೆಕ್ಕಕ್ಕೆ ಸೇರಿದ್ದು.

ನೆರೆಯವನ ಹಕ್ಕಿನ ಮಾತು ಬಂದಾಗ ನಮ್ಮ ಹಿರಿಯರು ನಲವತ್ತು ಮನೆಗಳ ಲೆಕ್ಕ ಹೇಳುತ್ತಿದ್ದರು. ಸುತ್ತಲಿನ ಅಷ್ಟು ಮನೆಗಳವರೆಗೆ ಎಲ್ಲರೂ ನೆರೆಯವರು ಎಂದು. ಗೋಡೆ ತಾಗಿದ ಮನೆಯಷ್ಟಕ್ಕೇ ನೆರೆತನವನ್ನು ಮುಗಿಸಬಾರದು ಎಂಬುದು ಆ ಲೆಕ್ಕದ ಉದ್ದೇಶವಿರಬೇಕು. ಆದರೆ ನಮ್ಮ ಮನೆಯ ಗೋಡೆಯನ್ನೇ ಕಟ್ಟಿದವನು ಆ ನಲವತ್ತರೊಳಗೆ ಬರುತ್ತಾನೆಯೇ? ಅವನ ಜೋಪಡಿ ಕೆಲಸದ ಜಾಗದಲ್ಲಿ ತಗಡಿನಡಿ ಇತ್ತು. ಮನೆ ಎದ್ದ ಮೇಲೆ ಜೋಪಡಿ ಕಿತ್ತರು. ಗೃಹಪ್ರವೇಶದ ದಿನ ಅವನು ಬೇರೊಂದು ಪಾಯದಲ್ಲಿದ್ದ. ಅವನಷ್ಟು ಹತ್ತಿರದ ನೆರೆಯವನು ನಮಗೆ ಯಾರೂ ಇರಲಿಲ್ಲ. ಅವನಷ್ಟು ಬೇಗ ಮರೆತವರೂ ಇಲ್ಲ.

ಮರೆವಿನಿಂದ ಅವಮಾನಕ್ಕೆ ದಾರಿ ದೂರವಿಲ್ಲ. 2025ರ ಮಾರ್ಚ್ ತಿಂಗಳಲ್ಲಿ ಮಲ್ಪೆ ಬಂದರಿನಲ್ಲಿ, ಮೀನು ಕದ್ದರೆಂದು ಆರೋಪಿಸಿ ಕೂಲಿ ಮಹಿಳೆಯೊಬ್ಬರನ್ನು ಮರಕ್ಕೆ ಕಟ್ಟಿ ಹೊಡೆದರು. ಅವರು ವಿಜಯನಗರ ಜಿಲ್ಲೆಯಿಂದ ದುಡಿಯಲು ಬಂದ, ಬಂಜಾರ ಸಮುದಾಯದವರು. ಸುತ್ತ ನಿಂತವರು ನೋಡಿದರು, ಮೊಬೈಲಿನಲ್ಲಿ ಚಿತ್ರ ತೆಗೆದರು. ಸ್ಥಳೀಯ ಹೆಂಗಸೊಬ್ಬಳ ಮೇಲೆ ಅದೇ ಆರೋಪ ಬಂದಿದ್ದರೆ ಮರ, ಹಗ್ಗಗಳ ನೆನಪು ಅಷ್ಟು ಸುಲಭವಾಗಿ ಬರುತ್ತಿತ್ತೇ? ಯಾರದೋ ಮಗಳು, ಯಾವುದೋ ಓಣಿಯವಳು ಎಂಬ ಅಳುಕು ಕೈ ಹಿಡಿಯುತ್ತಿತ್ತು. ಊರಿಲ್ಲದವಳು ಎಂದು ಭಾವಿಸಿದಾಗಲೇ ಕೈ ಏಳುವುದು. ಮನುಷ್ಯನ ಊರಿನ ಹೆಸರು ಕೇಳುವುದು ಔಪಚಾರಿಕತೆಯಷ್ಟೇ ಅಲ್ಲ ಎಂದು ನಾವು ಹೇಳುವುದು ಇದಕ್ಕಾಗಿ.

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೂ ಇರಬಾರದು. ಮುಂಬಯಿಯ ಹೋಟೆಲುಗಳಲ್ಲಿ ತಟ್ಟೆ ತೊಳೆದು, ಗಲ್ಫಿನ ಬಿಸಿಲಲ್ಲಿ ದುಡಿದು ಮನೆ ಕಟ್ಟಿದವರು ನಾವು. ಅಲ್ಲಿ ನಮ್ಮ ಹುಡುಗರಿಗೂ ಊರಿರಲಿಲ್ಲ. ಉಳ್ಳಾಲವೋ ಭಟ್ಕಳವೋ ಕೇಳಿದವರಿಲ್ಲ, 'ಹಿಂದಿ' ಎಂದರೆ ಮುಗಿಯಿತು. ಪಾಸ್‌ಪೋರ್ಟು ಕಫೀಲನ ಕೈಯಲ್ಲಿ. ಪಗಾರ ಸರಿಯಾಗಿ ಕೊಡುವ ಒಳ್ಳೆಯ ಕಫೀಲನೂ ಹೆಸರು ಕೇಳದಿದ್ದಾಗ ಏನನಿಸುತ್ತಿತ್ತು ಎಂಬುದನ್ನು ಮರಳಿ ಬಂದವರು ಇಂದಿಗೂ ಹೇಳುತ್ತಾರೆ. ಅವರೇ ಇಲ್ಲಿ ಕಟ್ಟಡ ಎಬ್ಬಿಸುವಾಗ ಮಾತ್ರ ಆ ನೆನಪು ಎಲ್ಲಿ ಹೋಗುತ್ತದೋ ತಿಳಿಯದು.

ಹಾಗಾದರೆ ತೀರಿಸುವುದು ಹೇಗೆ? ರಂಜಾನಿನಲ್ಲಿ ಒಂದು ಕಿಟ್ ಕೊಟ್ಟರೆ ಆಯಿತೇ? ಕೊಡಬೇಕು, ಆದರೆ ಅದು ದಾನ. ನಾವು ಮಾತಾಡುತ್ತಿರುವುದು ಬಾಕಿಯ ಬಗ್ಗೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕೇಂದ್ರ ಕಾನೂನು ಬಂತು. ಕರ್ನಾಟಕದಲ್ಲಿ 2007ರಲ್ಲಿ ಕಲ್ಯಾಣ ಮಂಡಳಿ ರಚನೆಯಾಯಿತು. ಕಟ್ಟಡದ ವೆಚ್ಚದ ಶೇಕಡಾ 1ರಷ್ಟು ಸುಂಕ ಅದಕ್ಕೆ ಸೇರುತ್ತದೆ. ಅಂದರೆ ದುಡ್ಡು ಇದೆ. ಅಪಘಾತಕ್ಕೆ, ಪಿಂಚಣಿಗೆ, ಮಕ್ಕಳ ಓದಿಗೆ ನೆರವು ಪಡೆಯಲು ಅವನ ಹೆಸರು ನೋಂದಣಿಯಾಗಿರಬೇಕು, ಇಷ್ಟು ದಿನ ದುಡಿದನೆಂಬ ಪ್ರಮಾಣಪತ್ರಕ್ಕೆ ಯಾರಾದರೂ ಸಹಿ ಹಾಕಬೇಕು. ಸಂಜೆ ಕೂಲಿ ಎಣಿಸುವ ಪ್ರಾಮಾಣಿಕ ಕೈ ಆ ಸಹಿಗೆ ಹಿಂಜರಿಯುವುದೇಕೆ? ಸಹಿ ಹಾಕಿದರೆ ಸಂಬಂಧ ದಾಖಲಾಗುತ್ತದೆ, ನಾಳೆ ಏನಾದರೂ ಆದರೆ ಹೊಣೆ ಬರುತ್ತದೆ ಎಂಬ ಭಯ. ಸಂಜೆಗೇ ತೀರಿಹೋಗುವ ಲೆಕ್ಕವನ್ನು ನಾವು ಇಷ್ಟಪಡುವುದು ನ್ಯಾಯಪ್ರಿಯತೆಯಿಂದಲೋ ಅಥವಾ ಈ ಭಯದಿಂದಲೋ, ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಬೇಕಾದದ್ದು. ತಗಡಿನ ಜೋಪಡಿಯ ಮಗುವನ್ನು ಹತ್ತಿರದ ಶಾಲೆಗೆ ಸೇರಿಸಲು ಒಂದು ಬೆಳಿಗ್ಗೆ ಜೊತೆಗೆ ಹೋಗುವುದು ಇನ್ನೊಂದು ಕೆಲಸ. ಅದಕ್ಕೆ ಹಣ ಬೇಡ. ನಮ್ಮಲ್ಲಿ ಕಡಿಮೆಯಿರುವುದೂ ಹಣವಲ್ಲ.

ಕೊನೆಗೆ, ಇಲ್ಲಿಯ ಮೇಸ್ತ್ರಿಗಳು ಗೊಣಗುವ ಒಂದು ವಿಷಯ. ಆ ಕಡೆಯವರು ಎಳ್ಳ ಅಮಾವಾಸ್ಯೆ ಬಂದರೆ ನಿಲ್ಲುವುದಿಲ್ಲ. ಹಿಂಗಾರಿ ಬೆಳೆ ನಿಂತ ಹೊಲಕ್ಕೆ ಮನೆಮಂದಿಯೆಲ್ಲ ಹೋಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಬಿಚ್ಚಿ ಕುಳಿತು ಉಣ್ಣುವ ದಿನ ಅದು. ಹೊಲವಿಲ್ಲದವರನ್ನೂ ಬೇರೆ ಮತದವರನ್ನೂ ಕರೆದು ಉಣ್ಣಿಸುತ್ತಾರೆ. ಮೊಹರಂಗೂ ಅಷ್ಟೆ. ಮುಸ್ಲಿಮರ ಮನೆ ಒಂದೆರಡೇ ಇರುವ, ಕೆಲವು ಕಡೆ ಒಂದೂ ಇಲ್ಲದ ಹಳ್ಳಿಗಳಲ್ಲಿ ಊರಿಗೆ ಊರೇ ಸೇರಿ ಅಲಾಯಿ ಹಬ್ಬ ನಡೆಸುತ್ತದೆ, ಕರ್ಬಲಾದ ಕಥೆಯನ್ನು ಕನ್ನಡದ ಪದಗಳಲ್ಲಿ ಹಾಡುತ್ತದೆ. ಅದರ ಆಚರಣೆಗಳ ಬಗ್ಗೆ ನಮ್ಮ ವಿದ್ವಾಂಸರಿಗೆ ತಕರಾರುಗಳಿವೆ, ಇರಲಿ. ಮುಸ್ಲಿಮ್ ಗುತ್ತಿಗೆದಾರನ ಮುಂದೆ ಹಿಂದೂ ಕೂಲಿಯಾಳು ನಿಂತು "ಮೊಹರಂ ಐತ್ರೀ, ಊರಿಗೆ ಹೋಗಬೇಕು" ಎಂದು ರಜೆ ಕೇಳುವ ದೃಶ್ಯವನ್ನು ಕರಾವಳಿಯಲ್ಲಿ ಎಷ್ಟೋ ಜನ ಕಂಡಿದ್ದಾರೆ. ಗುತ್ತಿಗೆದಾರನಿಗೆ 'ಇವನಿಗೇನು ಮೊಹರಂ' ಎಂದು ಅಚ್ಚರಿ. ಆಳಿಗೆ 'ಇವರಿಗೇಕೆ ರಜೆಯಿಲ್ಲ' ಎಂದು ಅಚ್ಚರಿ. ಆ ವಾರ ಅರ್ಧಕ್ಕೆ ನಿಂತ ಕಟ್ಟಡಗಳ ಮುಂದೆ ಮರಳಿನ ರಾಶಿ ಹಾಗೇ ಬಿದ್ದಿರುತ್ತದೆ, ಗದಗಿನ ಕಡೆಗೆ ಹೋಗುವ ರಾತ್ರಿ ಬಸ್ಸುಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ.